ರಾತ್ರೋರಾತ್ರಿ ಪಾರ್ಕಿನ್‌ಸನ್: 1982ರ ಸ್ಯಾನ್ ಹೋಸೆ ಪ್ರಕರಣ

1982ರ ಜುಲೈ ತಿಂಗಳು. ಊರು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ. ಇವತ್ತು ನಮ್ಮ ಸಾಫ್ಟ್‌ವೇರ್ ಮಂದಿ ತುಂಬಿಕೊಂಡಿರುವ ಜಾಗ. ಅಲ್ಲಿನ ಸಾಂತಾ ಕ್ಲಾರಾ ವ್ಯಾಲಿ ಮೆಡಿಕಲ್ ಸೆಂಟರ್‌ಗೆ 42 ವರ್ಷದ ಒಬ್ಬನನ್ನು ಕರೆತಂದರು. ಮಾತಿಲ್ಲ. ಮೈಯಲ್ಲಿ ಚಲನೆಯಿಲ್ಲ. ಮುಖದಲ್ಲಿ ಯಾವ ಭಾವವೂ ಇಲ್ಲ. ಮೊದಲು ನೋಡಿದವರು ಇದು ಮಾನಸಿಕ ಕಾಯಿಲೆ ಇರಬೇಕು, ಕ್ಯಾಟಟೋನಿಯಾ ಅಂದುಕೊಂಡರು.

ನರರೋಗ ತಜ್ಞ ವಿಲಿಯಂ ಲ್ಯಾಂಗ್‌ಸ್ಟನ್ ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ರೋಗಿಯ ಬೆರಳು ಚೂರುಚೂರು ಆಡುತ್ತಿತ್ತು. ಕೈಗೆ ಪೆನ್ಸಿಲ್ ಕೊಟ್ಟು, ಕೆಳಗೆ ಕಾಗದ ಇಟ್ಟು ಕಾದರು. ಬಹಳ ಹೊತ್ತಿನ ಮೇಲೆ ಅಕ್ಷರಗಳು ಮೂಡಿದವು. ಏನು ಮಾಡಬೇಕು ಅನ್ನೋದು ತನಗೆ ಗೊತ್ತಿದೆ, ಮೈ ಮಾತ್ರ ಕೇಳುತ್ತಿಲ್ಲ ಅನ್ನುವ ಅರ್ಥದ ಬರಹ. ಅಂದರೆ ಬುದ್ಧಿ ನೆಟ್ಟಗಿತ್ತು. ಯೋಚನೆಗೂ ಚಲನೆಗೂ ನಡುವೆ ಎಲ್ಲೋ ತಂತಿ ಕಡಿದಿತ್ತು.

ಅವನ ಗೆಳತಿಗೂ ಅದೇ ಸ್ಥಿತಿ. ಸ್ವಲ್ಪ ದೂರದ ವಾಟ್ಸನ್‌ವಿಲ್‌ನಲ್ಲಿ ಜೇಮ್ಸ್ ಟೆಟ್ರುಡ್ ಎಂಬ ನರರೋಗ ತಜ್ಞರ ಬಳಿ ಇಬ್ಬರು ಅಣ್ಣತಮ್ಮಂದಿರು, ಅವರಿಗೂ ಇದೇ ಗತಿ. ಹುಡುಕುತ್ತಾ ಹೋದಾಗ ಒಟ್ಟು ಆರು ಜನ ಸಿಕ್ಕರು. ಎಲ್ಲರೂ ನಡುವಯಸ್ಸು ದಾಟದವರು. ಎಲ್ಲರೂ ಹೆರಾಯಿನ್ ಚಟದವರು. ಎಲ್ಲರೂ ಬೀದಿಯಲ್ಲಿ ಹೊಸದಾಗಿ ಬಂದಿದ್ದ 'ಸಿಂಥೆಟಿಕ್ ಹೆರಾಯಿನ್' ಚುಚ್ಚಿಕೊಂಡವರು.

ಪರೀಕ್ಷೆ ಮಾಡಿದರೆ ಕಂಡದ್ದು ಪಕ್ಕಾ ಪಾರ್ಕಿನ್‌ಸನ್ ಕಾಯಿಲೆ. ನಮ್ಮ ಕಡೆ ಕಂಪವಾತ, ನಡುಕರೋಗ ಅಂತೀವಲ್ಲ, ಅದೇ. ಮೈ ಬಿಗಿತ, ಬಾಗಿದ ಬೆನ್ನು, ಸುರಿಯುವ ಜೊಲ್ಲು, ಎಳೆದೆಳೆದು ನಡೆಯುವ ಕಾಲು. ಆದರೆ ಪಾರ್ಕಿನ್‌ಸನ್ ಸಾಮಾನ್ಯವಾಗಿ ಅರವತ್ತರ ಆಸುಪಾಸಿನಲ್ಲಿ ಶುರುವಾಗಿ, ವರ್ಷಗಟ್ಟಲೆ ತೆವಳುತ್ತಾ ಬರುವ ರೋಗ. ಇವರಿಗೆ ಕೆಲವೇ ದಿನಗಳಲ್ಲಿ, ಕೊನೆಯ ಹಂತಕ್ಕೇ ಬಂದುಬಿಟ್ಟಿತ್ತು.

ಹಳೆಯ ಒಂದು ಗಾಜಿನ ಪಾತ್ರೆ

ಮಾಲಿನಲ್ಲಿ ಏನಿತ್ತು? ತಯಾರಿಸಿದವನ ಉದ್ದೇಶ ಎಂಪಿಪಿಪಿ ಎಂಬ ವಸ್ತು ಮಾಡುವುದು. ಪೆಥಿಡಿನ್ ನೋವುನಿವಾರಕದ ಹತ್ತಿರದ ಸಂಬಂಧಿ ಅದು. 1940ರ ದಶಕದಲ್ಲೇ ಔಷಧ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿತ್ತು, ಮಾರುಕಟ್ಟೆಗೆ ಬಂದಿರಲಿಲ್ಲ. ಅದನ್ನು ಮಾಡುವಾಗ ಹದ ತಪ್ಪಿದರೆ ಬೇರೆಯೇ ಒಂದು ಅಣು ಹುಟ್ಟುತ್ತದೆ. ಹೆಸರು ಎಂಪಿಟಿಪಿ. ಸ್ಯಾನ್ ಹೋಸೆಯಲ್ಲಿ ಸಿಕ್ಕ ಒಂದು ಮಾದರಿಯಲ್ಲಿ ಬಹುಪಾಲು ಇದ್ದದ್ದು ಈ ಎಂಪಿಟಿಪಿಯೇ.

ಸುಳಿವು ಸಿಕ್ಕಿದ್ದು ಹಳೆಯ ಒಂದು ವರದಿಯಿಂದ. 1976ರಲ್ಲಿ ಮೇರಿಲ್ಯಾಂಡಿನ 23 ವರ್ಷದ ರಸಾಯನಶಾಸ್ತ್ರ ವಿದ್ಯಾರ್ಥಿಯೊಬ್ಬ ತನ್ನ ಚಟಕ್ಕೆ ತಾನೇ ಮನೆಯಲ್ಲಿ ಎಂಪಿಪಿಪಿ ತಯಾರಿಸಿಕೊಳ್ಳುತ್ತಿದ್ದ. ಕೆಲವು ತಿಂಗಳು ಸರಿಯಾಗಿಯೇ ನಡೆಯಿತು. ಒಂದು ಸಲ ಅವಸರಕ್ಕೆ ಬಿದ್ದು ಅಡ್ಡದಾರಿ ಹಿಡಿದ. ಚುಚ್ಚಿಕೊಂಡ ಕೆಲವೇ ದಿನಕ್ಕೆ ಮೈ ಮರಗಟ್ಟಿತು. ಅವನನ್ನೂ ಮೊದಲು ಮನೋರೋಗಿ ಅಂತಲೇ ನೋಡಿದರು. ಆಮೇಲೆ ಪಾರ್ಕಿನ್‌ಸನ್‌ಗೆ ಕೊಡುವ ಎಲ್-ಡೋಪಾ ಎಂಬ ಮದ್ದು ಕೊಟ್ಟಾಗ ಎದ್ದು ಕೂತ. ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು ಅವನ ಗಾಜಿನ ಪಾತ್ರೆಗಳನ್ನು ತಂದು, ಅದರಲ್ಲಿ ಅಂಟಿದ್ದ ವಸ್ತುಗಳನ್ನು ಗುರುತಿಸಿದರು. ಎಂಪಿಟಿಪಿ ಅದರಲ್ಲಿ ಒಂದು. ಇಲಿಗಳಿಗೆ ಕೊಟ್ಟು ನೋಡಿದರು. ಸ್ವಲ್ಪ ಹೊತ್ತು ಸೆಟೆದುಕೊಂಡ ಇಲಿಗಳು ಆಮೇಲೆ ಏನೂ ಆಗದ ಹಾಗೆ ಓಡಾಡಿಕೊಂಡಿದ್ದವು.

ಅಲ್ಲಿಗೆ ತನಿಖೆ ನಿಂತಿತು. ಹುಡುಗ 1978ರಲ್ಲಿ ಕೊಕೇನ್ ಹೆಚ್ಚಾಗಿ ತೀರಿಕೊಂಡ. ಮೆದುಳು ಕೊಯ್ದು ನೋಡಿದಾಗ, ಪಾರ್ಕಿನ್‌ಸನ್‌ನಲ್ಲಿ ಸಾಯುವ ಕೋಶಗಳೇ ಅವನಲ್ಲೂ ಸತ್ತಿದ್ದವು. 1979ರಲ್ಲಿ ಇದೆಲ್ಲ ಮನೋವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ನರರೋಗದವರು ಹೆಚ್ಚಾಗಿ ಕಣ್ಣಾಡಿಸದ ಪತ್ರಿಕೆ. ಮೂರು ವರ್ಷ ಅದು ಸುಮ್ನೆ ಬಿದ್ದಿತ್ತು. ಇಲಿಗೆ ಏನೂ ಆಗಲಿಲ್ಲ ಅಂದಮೇಲೆ ಯಾರಿಗೂ ಗಾಬರಿಯಾಗಲಿಲ್ಲ. ಇಲಿಗೆ ಯಾಕೆ ಆಗಲಿಲ್ಲ ಅಂತ ಕೇಳಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತಿತ್ತು. 1983ರಲ್ಲಿ ಲ್ಯಾಂಗ್‌ಸ್ಟನ್ ತಂಡ ತಮ್ಮ ರೋಗಿಗಳ ವರದಿಯನ್ನು 'ಸೈನ್ಸ್' ಪತ್ರಿಕೆಯಲ್ಲಿ ಹಾಕಿದ ಮೇಲೆ ಪ್ರಯೋಗಾಲಯಗಳು ಈ ಅಣುವಿನ ಹಿಂದೆ ಬಿದ್ದವು. ಅದೇ ವರ್ಷ ಕೋತಿಗಳಲ್ಲಿ ಖಚಿತವಾಯಿತು: ಎಂಪಿಟಿಪಿ ಕೊಟ್ಟರೆ ಕೋತಿಗೂ ಪಾರ್ಕಿನ್‌ಸನ್ ಲಕ್ಷಣಗಳು ಬರುತ್ತವೆ.

ಅಣು ಹೋದ ದಾರಿ

ನನಗೆ ಈ ಪ್ರಕರಣದಲ್ಲಿ ಜಾಸ್ತಿ ಹಿಡಿಸುವುದು ಇಲ್ಲಿಂದ ಮುಂದಿನದು. ಮೆದುಳಿನಲ್ಲಿ ಸಾವಿರಾರು ಕೋಟಿ ನರಕೋಶಗಳಿವೆ. ಈ ವಿಷ ಮುಖ್ಯವಾಗಿ ಕೊಂದದ್ದು ಮೆದುಳಿನ ಬುಡದ ಸಬ್‌ಸ್ಟಾನ್ಶಿಯಾ ನೈಗ್ರಾ ಎಂಬ ಕಪ್ಪು ಪಟ್ಟಿಯಲ್ಲಿ ಡೋಪಮೈನ್ ಎಂಬ ಸಂದೇಶ ರಾಸಾಯನಿಕ ತಯಾರಿಸುವ ಕೋಶಗಳನ್ನು. ಎರಡೂ ಕಡೆ ಸೇರಿ ಅವು ಕೆಲವು ಲಕ್ಷ ಇರಬಹುದು, ಅಷ್ಟೇ. ಇಷ್ಟು ಕರಾರುವಾಕ್ಕಾಗಿ ಗುರಿ ಹಿಡಿದದ್ದು ಹೇಗೆ? ಗುರಿ ತೋರಿಸಿದ್ದು ಆ ಕೋಶಗಳ ದಿನನಿತ್ಯದ ಕೆಲಸವೇ.

ಮೊದಲ ವಿಷಯ, ಎಂಪಿಟಿಪಿ ತಾನಾಗಿ ವಿಷ ಅಲ್ಲ. ಅದು ಕೊಬ್ಬಿನಲ್ಲಿ ಕರಗುವ ಅಣು. ಹಾಗಾಗಿ ರಕ್ತದಿಂದ ಮೆದುಳಿಗೆ ಸಲೀಸಾಗಿ ನುಗ್ಗುತ್ತದೆ. ಒಳಗೆ ಹೋದ ಮೇಲೆ ಅದು ಸೇರುವುದು ಆಸ್ಟ್ರೋಸೈಟ್ ಕೋಶಗಳನ್ನು. ಇವು ನರಕೋಶಗಳ ಆರೈಕೆ ಮಾಡುವ ಕೋಶಗಳು. ಇವುಗಳಲ್ಲಿ ಮೋನೋಅಮೈನ್ ಆಕ್ಸಿಡೇಸ್-ಬಿ ಎಂಬ ಕಿಣ್ವ ಇದೆ. ಹಳೆಯ ಡೋಪಮೈನ್ ಥರದ ಅಣುಗಳನ್ನು ಒಡೆಯುವುದು ಅದರ ಕಾಯಕ. ಎಂಪಿಟಿಪಿ ಕಂಡಾಗಲೂ ಅದು ತನ್ನ ಕೆಲಸ ತಾನು ಮಾಡುತ್ತದೆ. ಆಗ ಹುಟ್ಟುವುದೇ ಎಂಪಿಪಿ-ಪ್ಲಸ್, ನಿಜವಾದ ವಿಷ. 1984ರಲ್ಲಿ ಈ ಹೆಜ್ಜೆ ಗೊತ್ತಾಯಿತು. ಕಿಣ್ವವನ್ನು ತಡೆಯುವ ಔಷಧ ಮೊದಲೇ ಕೊಟ್ಟರೆ ಈ ವಿಷಕ್ಕೆ ಬಲಿಯಾಗುವ ಸಣ್ಣ ಚುಂಡಿಲಿಗೂ ಕೋತಿಗೂ ಎಂಪಿಟಿಪಿ ಏನೂ ಮಾಡಲಿಲ್ಲ. ದೊಡ್ಡ ಇಲಿಗಳು ಮೊದಲೇ ಬಚಾವಾಗಿದ್ದಕ್ಕೆ ಒಂದು ಕಾರಣವೂ ಇಲ್ಲೇ ಇದೆ. ಅವುಗಳ ಮೆದುಳಿನ ರಕ್ತನಾಳದ ಗೋಡೆಯಲ್ಲೇ ಈ ಕಿಣ್ವ ಜಾಸ್ತಿ. ವಿಷ ಹೊಸ್ತಿಲಲ್ಲೇ ತಯಾರಾಗಿ, ಒಳಗೆ ದಾಟಲಾಗದೆ ಹೊರಗೇ ಉಳಿಯುತ್ತದೆ.

ಎಂಪಿಪಿ-ಪ್ಲಸ್‌ಗೆ ವಿದ್ಯುದಾವೇಶ ಇದೆ. ಆವೇಶ ಇರುವ ಅಣು ಕೋಶದ ಕೊಬ್ಬಿನ ಪೊರೆಯನ್ನು ಸುಮ್ಮನೆ ದಾಟಲಾರದು. ಯಾರಾದರೂ ಒಳಗೆ ಎಳೆದುಕೊಳ್ಳಬೇಕು. ಡೋಪಮೈನ್ ಕೋಶ ಅದನ್ನೇ ಮಾಡುತ್ತದೆ. ಎರಡು ನರಕೋಶಗಳು ಸಂಧಿಸುವ ಜಾಗವಾದ ಸಿನಾಪ್ಸ್‌ನಲ್ಲಿ ಡೋಪಮೈನ್ ಸುರಿದ ಮೇಲೆ ಅದನ್ನು ಹಾಗೇ ಬಿಟ್ಟರೆ ಸಂದೇಶ ನಿಲ್ಲುವುದೇ ಇಲ್ಲ. ಆದ್ದರಿಂದ ಕೋಶದ ಪೊರೆಯಲ್ಲಿ ಒಂದು ಸಾಗಣೆ ಪ್ರೋಟೀನ್ ಇರುತ್ತದೆ. ಸೋಡಿಯಂ ಒಳಹರಿವಿನ ಬಲದಿಂದ ಅದು ಡೋಪಮೈನನ್ನು ಹೆಕ್ಕಿ ವಾಪಸ್ ಒಳಗೆ ಹಾಕುತ್ತದೆ. ಕೊಕೇನ್ ಕಟ್ಟಿಹಾಕುವುದು ಇದೇ ಪ್ರೋಟೀನನ್ನು. 1985ರಲ್ಲಿ ಸಾಲೊಮನ್ ಸ್ನೈಡರ್ ಅವರ ಪ್ರಯೋಗಾಲಯ ತೋರಿಸಿದ್ದು ಏನೆಂದರೆ, ಈ ಪ್ರೋಟೀನ್‌ಗೆ ಎಂಪಿಪಿ-ಪ್ಲಸ್ ಕೂಡ ಡೋಪಮೈನ್ ಥರವೇ ಕಾಣುತ್ತದೆ. ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ, ಕೋಶ ತಾನೇ ಶ್ರಮಪಟ್ಟು ವಿಷವನ್ನು ಒಳಗೆ ತುಂಬಿಕೊಳ್ಳುತ್ತದೆ. ಪಕ್ಕದ ಕೋಶಕ್ಕೆ ಆ ಪ್ರೋಟೀನ್ ಇಲ್ಲ, ಅದು ಉಳಿಯಿತು.

ಒಳಗೆ ಬಂದ ವಿಷ ಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯಾದ ಕಡೆ ಹೊರಡುತ್ತದೆ. ಮೈಟೋಕಾಂಡ್ರಿಯಾದ ಒಳಭಾಗ ಹೊರಗಿಗಿಂತ ಬಹಳ ಋಣಾತ್ಮಕ. ಧನ ಆವೇಶದ ಎಂಪಿಪಿ-ಪ್ಲಸ್ ಆ ಸೆಳೆತಕ್ಕೆ ಸಿಕ್ಕಿ ಅಲ್ಲಿ ರಾಶಿಯಾಗುತ್ತದೆ. ರಾಶಿಯಾಗಿ, ಉಸಿರಾಟದ ಸರಪಳಿಯ ಮೊದಲ ಕೊಂಡಿಯನ್ನು ಹಿಡಿದು ನಿಲ್ಲಿಸುತ್ತದೆ. ಇದಕ್ಕೆ ಕಾಂಪ್ಲೆಕ್ಸ್-1 ಅಂತ ಹೆಸರು. ಎಲೆಕ್ಟ್ರಾನ್‌ಗಳ ಓಟ ಕಟ್ಟುತ್ತದೆ. ಕೋಶದ ಇಂಧನವಾದ ಎಟಿಪಿಯ ಉತ್ಪಾದನೆ ಕುಸಿಯುತ್ತದೆ. ದಾರಿತಪ್ಪಿದ ಎಲೆಕ್ಟ್ರಾನ್‌ಗಳು ಆಮ್ಲಜನಕಕ್ಕೆ ಅಂಟಿ ಕೋಶವನ್ನು ಒಳಗಿಂದ ಸುಡುವ ಅಣುಗಳಾಗುತ್ತವೆ. ಎಟಿಪಿ ಇಲ್ಲದೆ ಪೊರೆಯ ಪಂಪುಗಳು ನಿಲ್ಲುತ್ತವೆ, ಕ್ಯಾಲ್ಸಿಯಂ ಏರುತ್ತದೆ, ಕೋಶ ಸಾಯುತ್ತದೆ.

ಕೋಶಕ್ಕೆ ಒಂದು ರಕ್ಷಣೆಯೂ ಇದೆ. ಡೋಪಮೈನನ್ನು ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿಡುವ ಇನ್ನೊಂದು ಪಂಪು, ವಿಎಂಎಟಿ. ಇದು ಎಂಪಿಪಿ-ಪ್ಲಸ್ಸನ್ನೂ ಚೀಲಕ್ಕೆ ತಳ್ಳಿ ಮೈಟೋಕಾಂಡ್ರಿಯಾದಿಂದ ದೂರ ಇಡುತ್ತದೆ. ಈ ಪಂಪಿನ ಜೀನ್ ಸಿಕ್ಕಿದ್ದೂ ಈ ವಿಷದಿಂದಲೇ. 1992ರಲ್ಲಿ ರಾಬರ್ಟ್ ಎಡ್ವರ್ಡ್ಸ್ ತಂಡ ಬೇರೆ ಬೇರೆ ಜೀನ್ ಹಾಕಿದ ಕೋಶಗಳಿಗೆ ಎಂಪಿಪಿ-ಪ್ಲಸ್ ಸುರಿದು, ಯಾವುದು ಬದುಕುತ್ತದೆ ಅಂತ ನೋಡಿದರು. ಬದುಕಿದ ಕೋಶದಲ್ಲಿದ್ದದ್ದು ಚೀಲ ತುಂಬುವ ಪಂಪು. ಇದೇ ಪಂಪನ್ನು ಕಟ್ಟುವ ರಿಸರ್ಪಿನ್ ಎಂಬ ಮದ್ದು ನಮ್ಮ ಸರ್ಪಗಂಧದ ಬೇರಿನದು. ಅದರ ವಿಷಯ ಇನ್ನೊಂದು ಗಳಿಗೆಗೆ ಬರುತ್ತದೆ.

ಹಾಗಾದರೆ ಪಕ್ಕದಲ್ಲೇ ಇರುವ ಬೇರೆ ಡೋಪಮೈನ್ ಕೋಶಗಳು ಯಾಕೆ ಹೆಚ್ಚು ಉಳಿದವು? ಅವುಗಳ ಪೊರೆಯಲ್ಲಿ ಎಳೆದುಕೊಳ್ಳುವ ಪಂಪು ಕಡಿಮೆ. ಜೊತೆಗೆ ನೈಗ್ರಾ ಕೋಶದ ಬದುಕೇ ದುಬಾರಿ. ಒಂದು ಇಲಿಯ ಒಂದೇ ನೈಗ್ರಾ ಕೋಶದ ಆಕ್ಸಾನ್ (ಸಂದೇಶ ಒಯ್ಯುವ ತಂತು) ಕೊಂಬೆಗಳನ್ನೆಲ್ಲ ಜೋಡಿಸಿದರೆ ಸರಾಸರಿ 47 ಸೆಂಟಿಮೀಟರ್ ಆಯಿತು ಎಂದು ಜಪಾನಿನ ತಂಡವೊಂದು 2009ರಲ್ಲಿ ಅಳೆದು ತೋರಿಸಿತು. ಇಡೀ ಇಲಿಗಿಂತ ಉದ್ದ! ಮನುಷ್ಯರಲ್ಲಿ ಒಂದೊಂದು ಕೋಶಕ್ಕೆ ಹತ್ತು ಲಕ್ಷಕ್ಕೂ ಮೀರಿದ ಸಿನಾಪ್ಸ್ ಇರಬಹುದು ಅನ್ನುವುದು ಅಂದಾಜು. ಮೇಲಾಗಿ ಈ ಕೋಶಗಳು ಯಾರೂ ಹೇಳದಿದ್ದರೂ ಸೆಕೆಂಡಿಗೆ ಕೆಲವು ಸಲ ತಾವೇ ಮಿಡಿಯುತ್ತಿರುತ್ತವೆ. ಪ್ರತಿ ಮಿಡಿತಕ್ಕೂ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದನ್ನು ಹೊರಹಾಕಲು ಮತ್ತೆ ಎಟಿಪಿ ಬೇಕು. ಹಗಲುರಾತ್ರಿ ಖರ್ಚಿನಲ್ಲೇ ಇರುವ ಇಂಥ ಕೋಶದ ಎಟಿಪಿಗೇ ಕಲ್ಲು ಬಿತ್ತು.

ಡೋಪಮೈನ್ ಇಲ್ಲದ ಸಿನಾಪ್ಸ್

ಕೋಶ ಸತ್ತದ್ದು ಸರಿ. ಮನುಷ್ಯ ಯಾಕೆ ಕಲ್ಲಾದ? 1950ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಡೋಪಮೈನ್ ಚೀಲಗಳು ಖಾಲಿಯಾಗಿ ಮೊಲಗಳು ಕಿವಿ ಜೋಲಿಸಿಕೊಂಡು ಬಿದ್ದುಬಿಟ್ಟವು. ಎಲ್-ಡೋಪಾ ಕೊಟ್ಟಾಗ ಎದ್ದು ಓಡಾಡಿದವು. ಡೋಪಮೈನ್ ಇಲ್ಲದೆ ಚಲನೆ ಇಲ್ಲ ಅಂತ ಆಗಲೇ ಗೊತ್ತಾಗಿತ್ತು. ಹೇಗೆ ಅನ್ನುವುದಕ್ಕೆ ಒಂದೇ ಒಂದು ಮುಳ್ಳಿನಷ್ಟು ಜಾಗವನ್ನು ಹತ್ತಿರದಿಂದ ನೋಡಬೇಕು.

ನೈಗ್ರಾದ ಆಕ್ಸಾನ್‌ಗಳು ಹೋಗಿ ಸೇರುವುದು ಸ್ಟ್ರಯೇಟಮ್ ಎಂಬ ಭಾಗವನ್ನು. ಅಲ್ಲಿನ ನರಕೋಶಗಳ ಕೊಂಬೆಗಳ ಮೇಲೆ ಸಾವಿರಗಟ್ಟಲೆ ಸಣ್ಣ ಮುಳ್ಳುಗಳಿವೆ. ಮುಳ್ಳಿನ ತಲೆಗೆ ಮೆದುಳಿನ ಮೇಲ್ಪದರದಿಂದ ಬಂದ ತಂತು ಗ್ಲುಟಮೇಟ್ ಎಂಬ ಸಂದೇಶ ರಾಸಾಯನಿಕ ಸುರಿಸುತ್ತದೆ. 'ಲೋಟ ಎತ್ತಬೇಕು' ಅನ್ನುವ ಸುದ್ದಿ ಬರುವುದು ಅಲ್ಲಿಂದ. ಅದೇ ಮುಳ್ಳಿನ ಕತ್ತಿನ ಹತ್ತಿರ ಡೋಪಮೈನ್ ತಂತು ಬಂದು ತಾಗುತ್ತದೆ. ಅದು ಸ್ವತಃ ಏನೂ ಆಜ್ಞೆ ಮಾಡುವುದಿಲ್ಲ. ತಲೆಗೆ ಬಂದ ಸುದ್ದಿಗೆ ಎಷ್ಟು ಬೆಲೆ ಕೊಡಬೇಕು ಅಂತ ನಿರ್ಧರಿಸುತ್ತದೆ.

ಇಲ್ಲಿನ ಕೋಶಗಳಲ್ಲಿ ಎರಡು ಪಂಗಡ. ಡಿ1 ಗ್ರಾಹಕ ಇರುವ ಕೋಶಗಳಿಗೆ ಡೋಪಮೈನ್ ತಾಗಿದರೆ ಒಳಗೆ ಸುದ್ದಿ ಸಾಗಿಸುವ ಸೈಕ್ಲಿಕ್ ಎಎಂಪಿ ಎಂಬ ಅಣು ಏರುತ್ತದೆ, ಪ್ರೋಟೀನ್ ಕೈನೇಸ್-ಎ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ, ಕೋಶ ಹುರುಪಾಗುತ್ತದೆ. ಇವು ಚಲನೆಗೆ 'ಹೂಂ' ಅನ್ನುವ ಕೋಶಗಳು. ಡಿ2 ಇರುವ ಕೋಶಗಳಲ್ಲಿ ಅದೇ ಡೋಪಮೈನ್ ಸೈಕ್ಲಿಕ್ ಎಎಂಪಿ ಇಳಿಸುತ್ತದೆ. ಇವು 'ಬೇಡ' ಅನ್ನುವ ಕೋಶಗಳು, ಡೋಪಮೈನ್ ಇವುಗಳ ಬಾಯಿ ಮುಚ್ಚಿಸಿ ಇಟ್ಟಿರುತ್ತದೆ. ಡೋಪಮೈನ್ ಹೋದರೆ ಎರಡೂ ತಿರುಗುಮುರುಗು. 'ಹೂಂ' ಸೊರಗುತ್ತದೆ, 'ಬೇಡ' ಅನ್ನುವವರ ಗಲಾಟೆ ಹೆಚ್ಚುತ್ತದೆ. ಪೆನ್ಸಿಲ್ ಹಿಡಿದ ಆ ಮನುಷ್ಯನಿಗೆ ಏನು ಮಾಡಬೇಕು ಅಂತ ಗೊತ್ತಿತ್ತು, ಅಪ್ಪಣೆ ಮಾತ್ರ ಸಿಗುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಕಥೆ ಸುಲಭ. ಆದರೆ ಡೋಪಮೈನ್ ಕಲಿಸುವ ಕೆಲಸವನ್ನೂ ಮಾಡುತ್ತದೆ. ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಸಿಕ್ಕಾಗ ಈ ಕೋಶಗಳು ಒಂದು ಸಲ ಜೋರಾಗಿ ಮಿಡಿಯುತ್ತವೆ, ಕಮ್ಮಿ ಸಿಕ್ಕಾಗ ಮೌನವಾಗುತ್ತವೆ. ಇದನ್ನು ಕೋತಿಗಳಲ್ಲಿ ಕಂಡುಹಿಡಿದ ವೋಲ್ಫ್ರಾಮ್ ಶುಲ್ಟ್ಜ್ 1980ರ ದಶಕದಲ್ಲಿ ಎಂಪಿಟಿಪಿ ಕೊಟ್ಟ ಕೋತಿಗಳ ಮೇಲೂ ಕೆಲಸ ಮಾಡಿದವರು. 2014ರಲ್ಲಿ ಟೋಕಿಯೋದಲ್ಲಿ ಹರುವೊ ಕಸಾಯ್ ತಂಡ ಇನ್ನೂ ಹತ್ತಿರಕ್ಕೆ ಹೋಯಿತು. ಬೆಳಕಿನಿಂದ ಒಂದೇ ಮುಳ್ಳಿಗೆ ಗ್ಲುಟಮೇಟ್ ಕೊಟ್ಟು, ಸ್ವಲ್ಪ ತಡೆದು ಡೋಪಮೈನ್ ಬಿಡುಗಡೆ ಮಾಡಿಸಿದರು. ಡೋಪಮೈನ್ 0.3ರಿಂದ 2 ಸೆಕೆಂಡಿನ ಒಳಗೆ ಬಂದರೆ ಮುಳ್ಳು ದಪ್ಪವಾಯಿತು. ಅಂದರೆ ಆ ಸಿನಾಪ್ಸ್ ಗಟ್ಟಿಯಾಯಿತು. ಮೊದಲೇ ಬಂದರೆ ಇಲ್ಲ, ಐದು ಸೆಕೆಂಡ್ ಬಿಟ್ಟು ಬಂದರೂ ಇಲ್ಲ. ಸೈಕಲ್ ಕಲಿಯುವ ಮಗು ಬ್ಯಾಲೆನ್ಸ್ ಸಿಕ್ಕ ಆ ಕ್ಷಣವನ್ನು ಮೈಯಲ್ಲಿ ಉಳಿಸಿಕೊಳ್ಳುವುದು ಹೆಚ್ಚುಕಡಿಮೆ ಈ ಕಿಟಕಿಯಲ್ಲೇ.

ಡೋಪಮೈನ್ ನಿಂತರೆ ಮುಳ್ಳುಗಳೇ ಉದುರುತ್ತವೆ, ಅದೂ ಡಿ2 ಕೋಶಗಳಲ್ಲಿ. ಇದನ್ನು 2006ರಲ್ಲಿ ಪ್ರಾಣಿಗಳಲ್ಲಿ ತೋರಿಸಿದರು. ಹಾಗಾಗಿ ಆ ಆರು ಜನರ ಮೆದುಳಿನಲ್ಲಿ ಒಂದು ರಾಸಾಯನಿಕ ಖಾಲಿಯಾಗಿದ್ದಷ್ಟೇ ನಷ್ಟ ಅಂತ ತಿಳಿಯಬಾರದು. ವರ್ಷಗಟ್ಟಲೆ ಕಲಿತು ಕಟ್ಟಿದ ಜೋಡಣೆಯೂ ಬದಲಾಗುತ್ತಿತ್ತು.

ಎದ್ದರು, ಆಮೇಲೆ?

ಲ್ಯಾಂಗ್‌ಸ್ಟನ್ ಎಲ್-ಡೋಪಾ ಕೊಟ್ಟರು. ಕಲ್ಲಾಗಿದ್ದವರು ಮಾತಾಡಿದರು, ನಡೆದರು. ಸತ್ತ ಕೋಶ ಮರಳಿ ಬರದಿದ್ದರೂ ಉಳಿದ ಕೋಶಗಳು ಎಲ್-ಡೋಪಾವನ್ನು ಡೋಪಮೈನ್ ಮಾಡಿಕೊಳ್ಳಬಲ್ಲವು. ಅಂದಹಾಗೆ, ಹೊಲದ ಬೇಲಿಯಲ್ಲಿ ಮೈ ತುರಿಸುವ ನಸುಗುನ್ನಿ ಕಾಯಿ ಗೊತ್ತಲ್ವಾ? ಅದರ ಬೀಜದಲ್ಲಿ ಎಲ್-ಡೋಪಾ ಇದೆ ಎಂದು ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಬೇರ್ಪಡಿಸಿ ತೋರಿಸಿದ್ದರು. ಹಾಗಂತ ಮನೆಯಲ್ಲಿ ಬೀಜ ಅರೆದು ಕುಡಿಯಬೇಡಿ. ಪ್ರಮಾಣ ತಪ್ಪಿದರೆ ವಾಂತಿಯಿಂದ ಭ್ರಮೆಯವರೆಗೂ ಎಲ್ಲವೂ ಆಗಬಹುದು.

ಸಂತೋಷ ಬಹಳ ದಿನ ಉಳಿಯಲಿಲ್ಲ. ಮಾಮೂಲಿ ರೋಗಿಗಳಿಗೆ ವರ್ಷಗಳ ಮೇಲೆ ಬರುವ ತೊಂದರೆ ಇವರಿಗೆ ಬೇಗನೇ ಬಂತು. ಮಾತ್ರೆ ಕೆಲಸ ಮಾಡುವಾಗ ಕೈಕಾಲು, ಕತ್ತು ತಮ್ಮಷ್ಟಕ್ಕೆ ಹೊರಳಾಡುವುದು, ಮಾತ್ರೆ ಇಳಿದ ಕೂಡಲೇ ಮತ್ತೆ ಮರಗಟ್ಟುವುದು. ಈ ಹೊರಳಾಟವನ್ನೂ ಒಂದು ಬಗೆಯ ಕಲಿಕೆ ಅಂತಲೇ ನೋಡುವವರಿದ್ದಾರೆ, ಕೆಟ್ಟ ಕಲಿಕೆ. ಮಾತ್ರೆಯ ಡೋಪಮೈನ್ ಅಲೆಅಲೆಯಾಗಿ ಬರುತ್ತದೆ, ಸರಿಯಾದ ಕ್ಷಣಕ್ಕೂ ಅದಕ್ಕೂ ಸಂಬಂಧವಿಲ್ಲ. 2003ರಲ್ಲಿ ಇಲಿಗಳಲ್ಲಿ ಕಂಡದ್ದು: ಹೊರಳಾಟ ಬಂದ ಪ್ರಾಣಿಗಳ ಸ್ಟ್ರಯೇಟಮ್ ಸಿನಾಪ್ಸ್‌ಗಳು ಗಟ್ಟಿಯಾಗುತ್ತಿದ್ದವು, ಆದರೆ ಗಟ್ಟಿಯಾದದ್ದನ್ನು ಮತ್ತೆ ಸಡಿಲಿಸುವ ಶಕ್ತಿ ಕಳೆದುಕೊಂಡಿದ್ದವು. ಬೇಡದ ಚಲನೆಯನ್ನು ಅಳಿಸಲು ಅವಕ್ಕೆ ಆಗುತ್ತಿರಲಿಲ್ಲ.

ಇವರಲ್ಲಿ ಇಬ್ಬರು ಸ್ವೀಡನ್ನಿನ ಲುಂಡ್‌ಗೆ ಹೋಗಿ ಭ್ರೂಣದ ಡೋಪಮೈನ್ ಕೋಶಗಳನ್ನು ಮೆದುಳಿಗೆ ಹಾಕಿಸಿಕೊಂಡರು. 1992ರ ವರದಿಯ ಪ್ರಕಾರ ಇಬ್ಬರಿಗೂ ಗಣನೀಯ ಸುಧಾರಣೆ ಆಯಿತು. ಹೆಚ್ಚು ಜನಕ್ಕೆ ತಲುಪಿದ್ದು ಇನ್ನೊಂದು ದಾರಿ. 1990ರಲ್ಲಿ ಮಹ್ಲಾನ್ ಡಿಲಾಂಗ್ ತಂಡ ಎಂಪಿಟಿಪಿ ಕೋತಿಗಳಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಸಣ್ಣ ಗಂಟನ್ನು ಸುಮ್ಮನಾಗಿಸಿ ಚಲನೆ ಮರಳಿಸಿತು. ಫ್ರಾನ್ಸಿನ ಗ್ರೆನೋಬಲ್‌ನ ಬೆನಾಬಿದ್ ಅದೇ ಜಾಗಕ್ಕೆ ಮನುಷ್ಯರಲ್ಲಿ ವಿದ್ಯುತ್ ತಂತಿ ಇಳಿಸಿದರು. ಇವತ್ತು ಬೆಂಗಳೂರಿನಲ್ಲೂ ಮಾಡುವ ಡಿಬಿಎಸ್ (ಡೀಪ್ ಬ್ರೈನ್ ಸ್ಟಿಮ್ಯುಲೇಶನ್) ಶಸ್ತ್ರಚಿಕಿತ್ಸೆ ಇದೇ.

ಎಲ್ಲಿ ಹೊಂದುತ್ತದೆ, ಎಲ್ಲಿ ಇಲ್ಲ

ಈ ಪ್ರಕರಣ ಬಂದ ಹೊಸದರಲ್ಲಿ ಪಾರ್ಕಿನ್‌ಸನ್‌ನ ಗುಟ್ಟು ಸಿಕ್ಕೇಬಿಟ್ಟಿತು ಅನ್ನುವ ಉತ್ಸಾಹ ಇತ್ತು. ಮೋನೋಅಮೈನ್ ಆಕ್ಸಿಡೇಸ್-ಬಿ ಕಿಣ್ವ ತಡೆದರೆ ರೋಗ ತಡೆಯಬಹುದು ಅಂತ, ಅದನ್ನು ತಡೆಯುವ ಸೆಲೆಜಿಲಿನ್ ಮದ್ದಿನ ಪರೀಕ್ಷೆ 800 ರೋಗಿಗಳಲ್ಲಿ ಶುರುವಾಯಿತು. ಎಲ್-ಡೋಪಾ ಬೇಕಾಗುವ ದಿನ ಮುಂದೆ ಹೋಯಿತು ನಿಜ. ಅದು ಕೋಶ ಉಳಿದದ್ದರಿಂದಲೋ, ಇದ್ದ ಡೋಪಮೈನ್ ಒಡೆಯದೆ ಉಳಿದದ್ದರಿಂದಲೋ ಅನ್ನುವುದು ಗೋಜಲಾಯಿತು. ರೋಗ ನಿಲ್ಲಲಿಲ್ಲ. ಕ್ಯಾಲ್ಸಿಯಂ ದಾರಿ ತಡೆಯುವ ಇಸ್ರಾಡಿಪಿನ್ ಕೂಡ ದೊಡ್ಡ ಪರೀಕ್ಷೆಯಲ್ಲಿ ಸೋತಿತು.

ಮೈಟೋಕಾಂಡ್ರಿಯಾದ ಸುಳಿವು ಮಾತ್ರ ಗಟ್ಟಿಯಾಗಿ ನಿಂತಿತು. 1989ರಲ್ಲಿ ಮಾಮೂಲಿ ರೋಗಿಗಳ ನೈಗ್ರಾದಲ್ಲೂ ಕಾಂಪ್ಲೆಕ್ಸ್-1 ದುರ್ಬಲ ಎಂದು ಕಂಡಿತು. 2004ರಲ್ಲಿ ವಂಶದಲ್ಲಿ ಬರುವ ಪಾರ್ಕಿನ್‌ಸನ್‌ಗೆ ಕಾರಣವಾದ ಪಿಂಕ್1 ಜೀನ್ ಸಿಕ್ಕಿತು. ಅದು ಕೆಲಸ ಮಾಡುವುದು ಮೈಟೋಕಾಂಡ್ರಿಯಾದಲ್ಲೇ. ರೊಟೆನೋನ್ ಎಂಬ ಕೀಟನಾಶಕ ಕಾಂಪ್ಲೆಕ್ಸ್-1 ಅನ್ನೇ ಹಿಡಿಯುತ್ತದೆ. ನಮ್ಮ ರೈತರಿಗೆ ಗೊತ್ತಿರುವ ಪ್ಯಾರಾಕ್ವಾಟ್ ಕಳೆನಾಶಕ ನೋಡಲು ಎಂಪಿಪಿ-ಪ್ಲಸ್ ಥರವೇ ಇದೆ. ನೋಡಲು ಒಂದೇ ಥರ ಇದ್ದರೂ ಒಳಗೆ ಅದು ಕೆಡಿಸುವ ದಾರಿ ಬೇರೆ. ಎರಡನ್ನೂ ಒಂದೇ ಅಂತ ಹೇಳುವ ಲೇಖನಗಳನ್ನು ನಂಬಬೇಡಿ.

ಬೆಂಗಳೂರಿನ ಪಾಲೂ ಇದೆ. ನಿಮ್ಹಾನ್ಸ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಮುಂದೆ ಐಐಎಸ್‌ಸಿಗೆ ಬಂದ ವಿಜಯಲಕ್ಷ್ಮಿ ರವೀಂದ್ರನಾಥ್, ಕಾಂಪ್ಲೆಕ್ಸ್-1 ಅನ್ನು ಕಾಯುವ ಗ್ಲುಟಾರೆಡಾಕ್ಸಿನ್ ಎಂಬ ಪ್ರೋಟೀನಿನ ಪಾತ್ರವನ್ನು ಎಂಪಿಟಿಪಿ ಬಳಸಿಯೇ ತೋರಿಸಿದರು. 2003ರಲ್ಲಿ ನಿಮ್ಹಾನ್ಸ್‌ನವರು ಬೆಂಗಳೂರಿನ ಆಂಗ್ಲೋ-ಇಂಡಿಯನ್ನರಲ್ಲಿ ಪಾರ್ಕಿನ್‌ಸನ್ ಕಡಿಮೆ ಎಂದು ವರದಿ ಮಾಡಿದ್ದರು. ಅದೇ ಜಾಡು ಹಿಡಿದು ಫಲ್ಗುಣಿ ಅಲ್ಲಾಡಿ ಅವರ ತಂಡ, ಎಂಪಿಟಿಪಿಗೆ ಬೇಗ ಬಲಿಯಾಗುವ ಚುಂಡಿಲಿ ತಳಿಯನ್ನೂ ತಡೆದುಕೊಳ್ಳುವ ತಳಿಯನ್ನೂ ಕೂಡಿಸಿತು. ಬೆರಕೆ ಮರಿಗಳು ವಿಷವನ್ನು ತಡೆದುಕೊಂಡವು.

ಹೊಂದದ ಭಾಗ ಇದು. ಮಾಮೂಲಿ ಪಾರ್ಕಿನ್‌ಸನ್‌ನಲ್ಲಿ ಕೋಶದೊಳಗೆ ಲೂಯಿ ಬಾಡಿ ಎಂಬ ಪ್ರೋಟೀನ್ ಗಂಟುಗಳಿರುತ್ತವೆ. ವಾಸನೆ ಹೋಗುವುದು, ಮಲಬದ್ಧತೆ ಇವೆಲ್ಲ ವರ್ಷಗಳ ಮೊದಲೇ ಶುರುವಾಗುತ್ತವೆ. ಎಂಪಿಟಿಪಿ ಚುಚ್ಚಿಕೊಂಡ ಮೂವರ ಮೆದುಳಿನ ಪರೀಕ್ಷೆ 1999ರಲ್ಲಿ ಪ್ರಕಟವಾಯಿತು. ಲೂಯಿ ಬಾಡಿ ಒಂದೂ ಇರಲಿಲ್ಲ. ಆದರೆ ಅವರಲ್ಲಿ ಒಬ್ಬರು ವಿಷ ತಗೊಂಡು 16 ವರ್ಷಗಳೇ ಆಗಿದ್ದವು, ವಿಷ ಎಂದೋ ಮೈಯಿಂದ ಹೋಗಿತ್ತು. ಆದರೂ ನೈಗ್ರಾದಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳು ಇನ್ನೂ ಕೆರಳಿ ನಿಂತಿದ್ದವು, ಅಳಿದುಳಿದ ನರಕೋಶಗಳ ಸುತ್ತ ಗುಂಪು ಕಟ್ಟಿದ್ದವು. ಒಂದು ಸಲದ ಪೆಟ್ಟು ಹದಿನಾರು ವರ್ಷ ಯಾಕೆ ಆರಲಿಲ್ಲ ಅನ್ನುವ ಪ್ರಶ್ನೆಯ ಮೇಲೆ ಇವತ್ತಿಗೂ ಪ್ರಯೋಗಾಲಯಗಳಲ್ಲಿ ಕೆಲಸ ನಡೆಯುತ್ತಿದೆ.